ಇಪ್ಪತ್ತೆಂಟು ಸಾವಿರದ ಅಡುಗೆಮನೆ

ಸಿಡ್ನಿಯ ದಿ ಪಾಂಡ್ಸ್ ಸಬರ್ಬಿನಲ್ಲಿ ಬದರಿನಾಥರ ಮನೆಗೆ ಊಟಕ್ಕೆ ಹೋದವರು ಒಂದು ಪ್ರಶ್ನೆಯನ್ನು ಕೇಳಲೇಬೇಕಿತ್ತು: "ಅಂಕಲ್, ಇದು ಎಷ್ಟಕ್ಕೆ ಬಿತ್ತು?" ಸೋಫಾ ಆಗಲಿ, ಟಿವಿ ಆಗಲಿ, ಬಾಗಿಲಲ್ಲಿ ಹಾಸಿದ ಕಾಲೊರಸೇ ಆಗಲಿ. ಯಾರೂ ಕೇಳದಿದ್ದರೆ ಬದರಿನಾಥರಿಗೆ ಅನ್ನ ಇಳಿಯುತ್ತಿರಲಿಲ್ಲ. ಕೇಳಿದರೋ, "ನೀವೇ ಗೆಸ್ ಮಾಡಿ ನೋಡೋಣ" ಎಂದು ಚಾವಣಿ ನೋಡುವರು. ಬಂದವರು ಹೇಳಿದ್ದರಲ್ಲಿ ಅರ್ಧಕ್ಕೆ ಹತ್ತಿರದ ಒಂದು ಅಂಕಿ ಹೇಳಿ, ಅವರ ಬಾಯಿ ತೆರೆಯುವುದನ್ನು ನೋಡಿ ತೃಪ್ತರಾಗುವರು.

ಮೂಲತಃ ಮೈಸೂರಿನವರು. ಹದಿನೆಂಟು ವರ್ಷದ ಹಿಂದೆ ಬ್ಯಾಂಕೊಂದರ ಸಾಫ್ಟ್‌ವೇರ್ ವಿಭಾಗಕ್ಕೆಂದು ಹೆಂಡತಿ ವಿಜಯಾರ ಜೊತೆ ಇಲ್ಲಿಗೆ ಬಂದರು. ಅವರು ಬೆಳೆದ ಮನೆಯಲ್ಲಿ, ಹೇಳಿದ ಬೆಲೆ ಕೊಟ್ಟು ಬಂದವನಿಗೆ ಪೆದ್ದ ಎಂಬ ಬಿರುದು ಖಾಯಂ. ಈ ದೇಶದಲ್ಲಿ ಬೆಲೆಯ ಚೀಟಿ ಅಂಟಿಸಿದರೆ ಮುಗಿಯಿತು, ಕಾಲಿಗೆ ಬಿದ್ದರೂ ಇಳಿಸುವುದಿಲ್ಲ. ಪಾಪ, ಬದರಿನಾಥರು ಏನು ಮಾಡಬೇಕು? ಅಂಗಡಿಯಲ್ಲಿ ನಡೆಯದ ಚೌಕಾಸಿಯನ್ನು ಮನೆಗೆ ಬಂದ ಮೇಲೆ ಬಾಯಲ್ಲೇ ಮಾಡಿ ಮುಗಿಸುತ್ತಿದ್ದರು. ಯಾರ ಗಂಟೂ ಹೋಗುವಂಥದ್ದಲ್ಲ ಎಂದು ವಿಜಯಾ ಸುಮ್ಮನಿದ್ದರು.

ಮೂರು ವರ್ಷದ ಹಿಂದೆ ಅಡುಗೆಮನೆಯನ್ನು ಕಿತ್ತು ಹೊಸದು ಮಾಡಿಸಿದರು. ಕಪಾಟುಗಳಿಗೆ ಮೂವತ್ತೊಂದು ಸಾವಿರ ಡಾಲರ್. ಬದರಿನಾಥರು ಮೂರು ಸಲ ಕಾಫಿ ಕುಡಿಸಿದರೂ ಬಡಗಿ ಒಂದು ಡಾಲರ್ ಬಿಡಲಿಲ್ಲ. ಅಡುಗೆ ಕಟ್ಟೆಯ ಮೇಲಿನ ಕಲ್ಲಿಗೆ ಆರು ಸಾವಿರದ ಇನ್ನೂರು, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್‌ಗೆ ನಾಲ್ಕು ಸಾವಿರದ ಎಂಟುನೂರು, ಟೈಲ್ಸಿಗೆ ಎರಡು ಸಾವಿರದ ಆರುನೂರು, ಹಳೆಯದನ್ನು ಕಿತ್ತು ಸಾಗಿಸಲು ಸಾವಿರದ ನಾನೂರು. ಒಟ್ಟು ನಲವತ್ತಾರು ಸಾವಿರ. ಗೃಹಪ್ರವೇಶದಷ್ಟೇ ಸಡಗರದಿಂದ ಜನರನ್ನು ಕರೆದು, "ಎಲ್ಲಾ ಸೇರಿ ಇಪ್ಪತ್ತೆಂಟು" ಎಂದರು. ಬಡಗಿಯ ನಂಬರ್ ಕೇಳಿದವರಿಗೆ, ಅವನು ಮೆಲ್ಬೋರ್ನಿಗೆ ಹೊರಟುಹೋದ ಎಂದರು. ಅವನೋ ಪಕ್ಕದ ಸಬರ್ಬಿನಲ್ಲೇ ಸುಖವಾಗಿದ್ದ.

ಆ ಇಪ್ಪತ್ತೆಂಟನ್ನು ಗಟ್ಟಿಯಾಗಿ ಹಿಡಿದುಕೊಂಡವರು ಗೌತಮ್ ಮತ್ತು ಅನನ್ಯಾ. ಎಪ್ಪಿಂಗ್‌ನಲ್ಲಿ ರೆಂಟಿಗಿದ್ದು, ಎರಡು ವರ್ಷದ ಹಿಂದೆ ಸ್ಕೋಫೀಲ್ಡ್ಸ್‌ನಲ್ಲಿ ಒಂದು ಮನೆ ಕೊಂಡಿದ್ದ ದಂಪತಿ. ಬದರಿನಾಥರೆಂದರೆ ಅವರಿಗೆ ಊರಿನ ಹಿರಿಯರಿದ್ದಂತೆ. ಅನನ್ಯಾ ಈಗ ಏಳು ತಿಂಗಳ ಬಸುರಿ. ಒಂದು ಭಾನುವಾರ ಊಟಕ್ಕೆ ಬಂದವರು ಕೈತೊಳೆಯುವ ಮುಂಚೆಯೇ ಒಂದು ಹಾಳೆ ಮುಂದಿಟ್ಟರು.

"ಕಿಚನ್‌ಗೆ ಸೈನ್ ಮಾಡಿಬಿಟ್ವಿ ಅಂಕಲ್! ಮೊದಲು ಇಬ್ಬರು ಬಂದಿದ್ರು, ನಲವತ್ತೈದು ಕೇಳಿದ್ರು. ನಮ್ಮ ಅಂಕಲ್‌ದು ಇಪ್ಪತ್ತೆಂಟು, ಯಾರಿಗೆ ಟೋಪಿ ಹಾಕ್ತೀರ ಅಂತ ವಾಪಸ್ ಕಳಿಸ್ದೆ" ಎಂದ ಗೌತಮ್. "ಮೂರನೆಯವನು ಇಪ್ಪತ್ತೊಂಬತ್ತೂವರೆಗೆ ಒಪ್ಕೊಂಡ. ನಮ್ಮತ್ರ ಇರೋದು ಮೂವತ್ಮೂರು. ಪಾಪು ಬರೋಕೆ ಮುಂಚೆ ಎಲ್ಲಾ ರೆಡಿ."

ಬದರಿನಾಥರು ಹಾಳೆ ಓದಿದರು. ಓದಲು ಹೆಚ್ಚು ಹೊತ್ತು ಬೇಕಿರಲಿಲ್ಲ, ಆ ಹಾದಿಯಲ್ಲಿ ನಡೆದು ಕಾಲು ಸುಟ್ಟುಕೊಂಡವರಲ್ಲವೇ! ಅದರಲ್ಲಿದ್ದದ್ದು ಕಪಾಟುಗಳು ಮಾತ್ರ. ಕಲ್ಲಿಲ್ಲ, ಟೈಲ್ಸಿಲ್ಲ, ಪ್ಲಂಬರ್ ಇಲ್ಲ, ಎಲೆಕ್ಟ್ರಿಷಿಯನ್ ಇಲ್ಲ, ಹಳೆಯದನ್ನು ಕಿತ್ತು ಸಾಗಿಸುವ ಖರ್ಚೂ ಇಲ್ಲ. ಇನ್ನೂ ಹದಿನೈದು ಸಾವಿರ ಬೇಕು, ಇವರ ಕೈಯಲ್ಲಿ ಉಳಿಯುವುದು ಮೂರೂವರೆ. ಹಳೆಯ ಅಡುಗೆಮನೆ ಕಿತ್ತ ಮೇಲೆ ದುಡ್ಡು ಮುಗಿದರೆ, ಬಾಣಂತಿಗೆ ಒಂದು ಲೋಟ ಬಿಸಿನೀರಿಗೂ ಜಾಗವಿರುವುದಿಲ್ಲ.

"ಬುಧವಾರದವರೆಗೆ ಕ್ಯಾನ್ಸಲ್ ಮಾಡಬಹುದಂತೆ" ಎಂದು ಗೌತಮ್ ನಕ್ಕ. "ಯಾರ್ ಮಾಡ್ತಾರೆ ಅಂಕಲ್?"

ವಿಜಯಾ ಸಾರಿನ ಸೌಟು ಹಿಡಿದು ಗಂಡನ ಮುಖವನ್ನೇ ನೋಡುತ್ತಿದ್ದರು. ಬದರಿನಾಥರು ಹಾಳೆ ಮಡಚಿ, "ಪರವಾಗಿಲ್ಲ, ಚೆನ್ನಾಗೇ ಇಳಿಸಿದೀಯ" ಎಂದರು. ಅಂದು ಊಟದಲ್ಲಿ ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಅತಿಥಿಗಳ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ವಿಜಯಾ ಶುರುಮಾಡಿದರು. "ರೀ, ಸೋಫಾ ಬೆಲೆ ಹೇಳಿದ್ರಿ, ಕಾರಿನ ಬೆಲೆ ಹೇಳಿದ್ರಿ, ನಾನು ತುಟಿ ಬಿಚ್ಚಲಿಲ್ಲ. ಆ ಹುಡುಗಿ ಹೊಟ್ಟೆ ನೋಡಿದ್ರಾ?"

"ಅವರೇ ಸರಿಯಾಗಿ ಓದ್ಕೋಬೇಕಿತ್ತು ಕಣೇ."

"ಓದ್ಕೊಂಡೇ ಬಂದಿದಾರೆ. ನಿಮ್ಮ ಬಾಯನ್ನ!"

ಸೋಮವಾರ ಆಫೀಸಿನಿಂದ ಎರಡು ಸಲ ಗೌತಮ್‌ನ ನಂಬರ್ ಒತ್ತಿ ಕಟ್ ಮಾಡಿದರು. ಏನೆಂದು ಹೇಳುವುದು? ಕಲ್ಲಿನ ಬೆಲೆ ಈಗ ಏರಿದೆ ಎಂದು ತೇಪೆ ಹಚ್ಚಬಹುದಿತ್ತು. ಹಚ್ಚಿದರೆ ಆ ಹುಡುಗ, "ನೀವೇ ಬಂದು ಮಾತಾಡಿ ಇಳಿಸಿಕೊಡಿ ಅಂಕಲ್" ಎನ್ನುತ್ತಾನೆ. ಐವತ್ತೆರಡು ವರ್ಷದಲ್ಲಿ ಗಳಿಸಿದ ಹೆಸರು ಇದೊಂದೇ. ಆಫೀಸಿನಲ್ಲಿ ಬಡ್ತಿ ಸಿಕ್ಕಿ ಒಂಬತ್ತು ವರ್ಷವಾಗಿತ್ತು, ಮಗ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಎರಡು ಪದ ಎಸೆದು ಬಾಗಿಲು ಹಾಕಿಕೊಳ್ಳುತ್ತಿದ್ದ. ಭಾನುವಾರದ ಊಟಕ್ಕೆ ಬಂದವರ ಕಣ್ಣಲ್ಲಿ ಮಾತ್ರ ಅವರು ಜಾಣರು. ಅದನ್ನು ಈಗ ಕೈಯಾರೆ ಕಳೆದುಕೊಳ್ಳಬೇಕಿತ್ತು.

ಮಂಗಳವಾರ ಸಂಜೆ ಬಿಲ್ಲುಗಳ ಫೈಲು ಹಿಡಿದು ಸ್ಕೋಫೀಲ್ಡ್ಸ್‌ಗೆ ಹೋದರು. ಗೌತಮ್ ಆಗಲೇ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಡಬ್ಬಗಳಿಗೆ ತುಂಬುತ್ತಿದ್ದ. ಬದರಿನಾಥರು ಕೂರಲೂ ಇಲ್ಲ.

"ನಂದು ಇಪ್ಪತ್ತೆಂಟಲ್ಲ ಕಣಪ್ಪಾ. ನಲವತ್ತಾರು. ಸುಳ್ಳು ಹೇಳಿದ್ದೆ. ನಾಳೆ ಒಳಗೆ ಅದನ್ನ ಕ್ಯಾನ್ಸಲ್ ಮಾಡಿ."

ಗೌತಮ್ ಮೊದಲು ನಕ್ಕ, ಆಮೇಲೆ ಫೈಲು ತೆರೆದ. ಅನನ್ಯಾ ಒಂದೊಂದೇ ಬಿಲ್ಲಿನ ಅಂಕಿಯನ್ನು ಫೋನಿನಲ್ಲಿ ಕೂಡುತ್ತ ಹೋದಳು. ಕೊನೆಗೆ ಬಂದದ್ದು ಸರಿಯಾಗಿ ನಲವತ್ತಾರು.

"ಮೊದಲು ಬಂದ ಇಬ್ಬರನ್ನ ಕಳ್ಳರು ಅಂತ ಕಳಿಸ್ದೆನಲ್ಲ ಅಂಕಲ್" ಎಂದ ಗೌತಮ್. ಅವನ ಕಿವಿ ಕೆಂಪಾಗಿತ್ತು. ಬೈದಿದ್ದರೆ ಬದರಿನಾಥರಿಗೆ ಸುಲಭವಾಗುತ್ತಿತ್ತು. ಅವನು ಬೈಯದೆ ಲ್ಯಾಪ್‌ಟಾಪ್ ತೆಗೆದು ಅಲ್ಲೇ ನಿಂತು ಕ್ಯಾನ್ಸಲ್ ಮಾಡುವ ಮೇಲ್ ಬರೆದ. ಈ ವರ್ಷ ಹಳೆಯ ಕಪಾಟಿಗೇ ಬಣ್ಣ, ಉಳಿದದ್ದು ಹಣ ಕೂಡಿದ ಮೇಲೆ ಎಂದು ಗಂಡಹೆಂಡತಿ ನಾಲ್ಕು ಮಾತಿನಲ್ಲಿ ತೀರ್ಮಾನಿಸಿದರು.

ಬದರಿನಾಥರು ಫೈಲು ಎತ್ತಿಕೊಂಡು ಬಾಗಿಲವರೆಗೆ ಬಂದರು. ಹಿಂದಿನಿಂದ ಅನನ್ಯಾ ಕೇಳಿದಳು. "ಅಂಕಲ್, ಈ ಮನೆ ತಗೊಳ್ಳೋವಾಗ ನೀವು ಇನ್ನೊಂದು ಮಾತು ಹೇಳಿದ್ರಿ. ಮಾರ್ಟ್‌ಗೇಜ್ ಸಾಲಕ್ಕೆ ಹೆದರಬೇಡಿ, ಕೈ ಬಿಗಿ ಹಿಡಿದ್ರೆ ಸಾಕು, ನಂದು ಹನ್ನೊಂದು ವರ್ಷಕ್ಕೇ ತೀರಿತು ಅಂತ. ಅದು?"

ಅವರು ಬಗ್ಗಿ ಚಪ್ಪಲಿಗೆ ಕಾಲು ತೂರಿಸುತ್ತಲೇ ಹೇಳಿದರು.

"ಇನ್ನೂ ಹದಿನಾರು ವರ್ಷ ಇದೆಯಮ್ಮಾ."

ಅನನ್ಯಾ ಪಾತ್ರೆ ತುಂಬಿದ ಡಬ್ಬದ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೆಂದು ಬದರಿನಾಥರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಎರಡು ವರ್ಷದಿಂದ ತಿಂಗಳ ಕೊನೆ ಬಂದ್ರೆ ಇವರೂ ನಾನೂ ಜಗಳ ಆಡ್ತಿದ್ವಿ ಅಂಕಲ್" ಎಂದಳು. "ಅಂಕಲ್‌ಗೆ ಆಗಿದ್ದು ನಮಗ್ಯಾಕೆ ಆಗಲ್ಲ, ನಾವೇ ದಡ್ಡರು ಅಂತ."