ಗ್ರೂಪ್ ಫೋಟೋದಲ್ಲಿ ಒಂದು ನೆರಳು

ಮದುವೆಗೆ ಕರೆಯಿರಿ, ಬರುತ್ತೇನೆ. ಗೃಹಪ್ರವೇಶಕ್ಕೆ ಕರೆಯಿರಿ, ಹೋಮದ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ನಿಲ್ಲುತ್ತೇನೆ. ಸ್ಕೂಲಿನ ಗ್ರೂಪ್ ಫೋಟೋ ಅಂದರೆ ಮಾತ್ರ ಹಿಂದಿನ ದಿನದಿಂದಲೇ ನನಗೆ ಹೆದರಿಕೆ ಶುರುವಾಗುತ್ತದೆ. ಮದುವೆಯಲ್ಲಿ ಯಾರೋ ಸೋದರಮಾವ ಕಣ್ಣು ಮುಚ್ಚಿದ್ದರೆ ಕೇಳುವವರಿಲ್ಲ. ಸ್ಕೂಲ್ ಫೋಟೋದಲ್ಲಿ ಒಂದು ಮಗು ಕಣ್ಣು ಮುಚ್ಚಲಿ ನೋಡೋಣ, ಅಮ್ಮ, ಅಜ್ಜಿ, ಅತ್ತೆ ಎಲ್ಲರೂ ಸಾಲಾಗಿ ಫೋನ್ ಮಾಡುತ್ತಾರೆ. ಇಟ್ಟಮಡುವಿನಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ. ಜಯನಗರ, ಜೆ.ಪಿ. ನಗರದ ಕೆಲವು ಸ್ಕೂಲುಗಳು ವರ್ಷಕ್ಕೊಮ್ಮೆ ಕರೆಯುತ್ತವೆ, ನಾನು ವರ್ಷಕ್ಕೊಮ್ಮೆ ನಿದ್ದೆ ಕೆಡಿಸಿಕೊಳ್ಳುತ್ತೇನೆ. “ನಿಮಗೆ ಹೆದರೋಕೆ ಕಾರಣ ಬೇರೆ ಬೇಕಾ? ಹಾಲು ಉಕ್ಕಿದ್ರೂ ಹೆದರ್ತೀರ, ಉಕ್ಕದಿದ್ರೂ ಹೆದರ್ತೀರ” ಎನ್ನುತ್ತಾಳೆ ನನ್ನ ಹೆಂಡತಿ. ಸುಳ್ಳೇನಲ್ಲ.

ಹೋದ ವರ್ಷ ಜೆ.ಪಿ. ನಗರದ ಒಂದು ಸ್ಕೂಲಿನ ಫೋಟೋ ಹತ್ತಿರ ಬಂದಿತ್ತು. ಒಂದು ಸಂಜೆ ಒಬ್ಬ ಹೆಂಗಸು ಸ್ಟುಡಿಯೋಗೆ ಬಂದರು. ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗಿರುವವರು, ಮಾತು ಕೇಳಿದರೆ ಉತ್ತರ ಕರ್ನಾಟಕ. ಮಗಳು ಅದೇ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು, ಬಿ ಸೆಕ್ಷನ್. ಕ್ಲಾಸ್ ಟೀಚರ್ ನನ್ನ ವಿಳಾಸ ಕೊಟ್ಟಿದ್ದರಂತೆ. ಬ್ಯಾಗಿನಿಂದ ಅದರ ಹಿಂದಿನ ವರ್ಷದ ಗ್ರೂಪ್ ಫೋಟೋ ತೆಗೆದು ನನ್ನ ಮುಂದಿಟ್ಟರು. ಅದನ್ನು ತೆಗೆದದ್ದು ಬೇರೆ ಯಾರೋ ಫೋಟೋಗ್ರಾಫರ್, ಆ ಒಂದು ವರ್ಷ ಸ್ಕೂಲಿನವರು ನನ್ನನ್ನು ಕರೆದಿರಲಿಲ್ಲ.

“ಇದರಾಗ ನನ್ನ ಮಗಳು ಯಾರಂತ ಹೇಳ್ರಿ ನೋಡೂಣು” ಎಂದರು.

ಹೇಳುವುದೇನು, ಕಣ್ಣಿಗೇ ಹೊಡೆಯುತ್ತಿತ್ತು. ಸಾಲಿನ ತುದಿಯಲ್ಲಿ ನಿಂತಿದ್ದ ಹುಡುಗಿಯನ್ನು ಆಮೇಲೆ ಅಂಟಿಸಿದ್ದರು. ಫೋಟೋ ದಿನ ಬಾರದ ಮಕ್ಕಳನ್ನು ಬೇರೆಯಾಗಿ ತೆಗೆದು ಕಂಪ್ಯೂಟರಿನಲ್ಲಿ ಸಾಲಿಗೆ ಸೇರಿಸುವುದು ನಮ್ಮ ಕಸುಬಿನಲ್ಲಿ ಮಾಮೂಲಿ. ಆದರೆ ಆ ಪುಣ್ಯಾತ್ಮ ಒಳ್ಳೇ ಬಿಸಿಲಿನಲ್ಲಿ ಫೋಟೋ ತೆಗೆದಿದ್ದ. ಅಷ್ಟೂ ಮಕ್ಕಳ ನೆರಳು ನೆಲದ ಮೇಲೆ ಬಿದ್ದಿತ್ತು. ಇವಳೊಬ್ಬಳಿಗೆ ನೆರಳೇ ಇರಲಿಲ್ಲ. ನಾನಾಗಿದ್ದರೆ ನೆರಳನ್ನೂ ಅಂಟಿಸುತ್ತಿದ್ದೆ ಎಂದು ಮೊದಲು ಅನ್ನಿಸಿತು. ಕಸುಬಿನ ಕೊಬ್ಬು, ಏನು ಮಾಡುವುದು.

ಆ ವರ್ಷ ಫೋಟೋ ದಿನ ಹುಡುಗಿ ಆಸ್ಪತ್ರೆಯಲ್ಲಿದ್ದಳು. ರಕ್ತದ ಕಾಯಿಲೆ. ಫೋಟೋ ಕೈಗೆ ಬಂದಾಗ ನೆರಳಿಲ್ಲದ್ದನ್ನು ಮೊದಲು ಕಂಡವಳು ಅವಳೇ. ಕ್ಲಾಸಿನ ಹುಡುಗನೊಬ್ಬ, “ದೆವ್ವಕ್ಕೆ ನೆರಳಿರಲ್ಲ ಕಣೇ” ಎಂದುಬಿಟ್ಟಿದ್ದ. ಮಕ್ಕಳ ಮಾತು, ಅವನು ಆಗಲೇ ಮರೆತಿರಬೇಕು. ಇವಳು ಮರೆಯಲಿಲ್ಲ.

“ರಸ್ತೆದಾಗ ನಡಕೋತ ಹೊಂಟಾಕಿ ಫಕ್ಕನ ನಿಂದರತಾಳ್ರಿ, ಕೆಳಗ ನೋಡ್ತಾಳ. ಮ್ವಾಡ ಆದ್ರ ಮನಿ ಬಿಟ್ಟು ಹೊರಗ ಬರಂಗಿಲ್ಲ. ಮುಂದಿನ ವಾರ ದೊಡ್ಡ ಟ್ರೀಟ್‌ಮೆಂಟ್ ಐತ್ರಿ. ತಿಂಗಳಗಟ್ಟಲೆ ಒಳಗ ಇರಬೇಕು. ನಾ ಬರಂಗಿಲ್ಲ ಅಂತಾಳ. ಎಲ್ಲಾರ ಕೂಡ ಫೋಟೋದಾಗ ನಿಂತ ಮ್ಯಾಲ ಬರ್ತೀನಿ ಅಂತ ಹಟ ಹಿಡದಾಳ್ರಿ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಫೋಟೋ ದಿನ ಮುಂಜಾನೆ ರಕ್ತ ಟೆಸ್ಟ್ ಐತಿ. ಅದನ್ನ ಮುಗಿಸಿ ಸೀದಾ ಸ್ಕೂಲಿಗೇ ಬರ್ತೀವಿ. ಸ್ವಲ್ಪ ತಡಾ ಆದ್ರೂ ಈ ಸಲ ಅಂಟಿಸಬ್ಯಾಡ್ರಿ ಅಣ್ಣಾರ.”

“ಅಂಟಿಸಲ್ಲ ಅಕ್ಕಾ. ನೀವು ಬರೋವರೆಗೂ ಬಿ ಸೆಕ್ಷನ್ ಫೋಟೋ ಆಗಲ್ಲ” ಎಂದೆ. ಅವರು ಹೋದ ಮೇಲೆ ಏನು ಒಪ್ಪಿಕೊಂಡೆ ಎಂದು ಹೊಳೆಯಿತು. ಆ ಸ್ಕೂಲಿನ ಹೆಡ್‌ಮಿಸ್ ಎಂಥವರು ಎಂದು ನನಗೆ ಗೊತ್ತಿತ್ತು. ಅವರ ಗಂಟೆ ಒಮ್ಮೆ ಹೊಡೆದರೆ ದೇವರೂ ಕ್ಲಾಸಿಗೆ ಹೋಗಬೇಕು.

ಫೋಟೋ ದಿನ ಬೆಳಗ್ಗೆ ಬೇಗ ಹೋಗಿ ಮೂರು ಮಹಡಿಯ ಕಟ್ಟಡದ ಮರೆಯಲ್ಲಿ ಬೆಂಚು ಹಾಕಿಸಿದೆ. ಬಿಸಿಲು ಬೀಳದ ಕಡೆ ಮಕ್ಕಳು ಕಣ್ಣು ಕಿರಿದು ಮಾಡುವುದಿಲ್ಲ, ಮುಖ ಒಂದೇ ಸಮ ಬರುತ್ತದೆ. ಗ್ರೂಪ್ ಫೋಟೋದಲ್ಲಿ ನನ್ನ ವಿದ್ಯೆಯೆಲ್ಲ ಅಷ್ಟೇ. ಒಂದೊಂದೇ ಕ್ಲಾಸು ಬಂತು, ಹೋಯಿತು. ನಾಲ್ಕನೇ ಬಿ ಸರದಿ ಬಂದಾಗ ಗೇಟಿನ ಕಡೆ ನೋಡಿದೆ. ಯಾರೂ ಇಲ್ಲ. “ಮೇಡಂ, ದೊಡ್ಡ ಮಕ್ಕಳದ್ದು ಮೊದಲು ಮುಗಿಸಿಬಿಡ್ತೀನಿ” ಎಂದು ಮುಂದೂಡಿದೆ. ಸೂರ್ಯ ಮೇಲೇರಿದ ಹಾಗೆಲ್ಲ ಮರೆ ಕಡಿಮೆಯಾಗುತ್ತ ಬಂತು. ನಾನು ಬೆಂಚುಗಳನ್ನು ಗೋಡೆಯ ಕಡೆಗೆ ಎಳೆಸುತ್ತ ಹೋದೆ. ಕೊನೆಗೆ ಉಳಿದದ್ದು ಬಿ ಸೆಕ್ಷನ್ ಒಂದೇ.

ಫೋನ್ ಹೊಡೆದುಕೊಂಡಿತು. “ಅಣ್ಣಾರ, ಈಗ ಬೊಮ್ಮನಹಳ್ಳಿ ದಾಟೀವ್ರಿ. ಗಾಡಿ ಮುಂದ ಸರೀವಲ್ಲವು. ನಿಲ್ಸಿರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಬೊಮ್ಮನಹಳ್ಳಿ! ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನನ್ನ ತಿಥಿ ಆಗುತ್ತದೆ ಎಂದುಕೊಂಡೆ.

ಆಮೇಲೆ ನಾನು ಆಡಿದ ನಾಟಕವನ್ನು ನೆನೆದರೆ ಈಗಲೂ ಬೆವರುತ್ತೇನೆ. ಚೆನ್ನಾಗಿಯೇ ಇದ್ದ ಬ್ಯಾಟರಿ ಬದಲಾಯಿಸಿದೆ. ಲೆನ್ಸ್ ಒರೆಸಿದೆ, ಊದಿದೆ, ಮತ್ತೆ ಒರೆಸಿದೆ. ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿ, ತಲೆ ಅಲ್ಲಾಡಿಸಿ, ತಿರುಗಿ ನಿಲ್ಲಿಸಿದೆ. ನೆಲ ಸಮ ಇಲ್ಲ ಎಂದು ಸ್ಟ್ಯಾಂಡಿನ ಕಾಲು ತಿರುವುತ್ತ ಕುಳಿತೆ.

“ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!” ಹೆಡ್‌ಮಿಸ್ ನನ್ನ ತಲೆಯ ಮೇಲೇ ಬಂದು ನಿಂತಿದ್ದರು. “ಏನ್ರೀ ಆಗಿದೆ ನಿಮಗಿವತ್ತು? ಆ ತುದೀಲಿ ಯಾಕೆ ಜಾಗ ಬಿಟ್ಟಿದೀರ? ಒತ್ತಿ ನಿಲ್ಲಿಸಿ.”

ನಾನು ಬಿಟ್ಟಿರಲಿಲ್ಲ. ಮಕ್ಕಳೇ ಬಿಟ್ಟಿದ್ದರು. ಟೀಚರ್ ಹೇಳಿದ್ದರೋ ಏನೋ, ಒತ್ತಿ ನಿಲ್ಲಿ ಎಂದರೆ ಒಂದು ಕ್ಷಣ ಒತ್ತಿ ಮತ್ತೆ ಅಷ್ಟೇ ಜಾಗ ಬಿಡುತ್ತಿದ್ದರು.

“ಮೇಡಂ, ಒಂದು ಮಗು ದಾರೀಲಿದೆ” ಎಂದೆ.

“ನಂಗೊತ್ತು ಯಾವ ಮಗು ಅಂತ. ಆಸ್ಪತ್ರೆಯಿಂದ ಅದನ್ನ ಇಲ್ಲಿ ತನಕ ಎಳ್ಕೊಂಡು ಬರಬೇಕೇನ್ರೀ? ಪಾಪ. ಹೋದ ಸಲದ ಹಾಗೆ ಪೇಸ್ಟ್ ಮಾಡಿ. ಇನ್ನೇನು ಬೆಲ್ ಹೊಡೆಯುತ್ತೆ, ತೆಗೀರಿ.”

ಅವರು ಕೆಟ್ಟವರಲ್ಲ. ಅದೇ ಕಷ್ಟವಾಗಿದ್ದದ್ದು, ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡೆ, ಬಟನ್ನಿನ ಮೇಲೆ ಬೆರಳಿಟ್ಟೆ. ಆ ಹುಡುಗಿ ಇವತ್ತು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗುವುದಿಲ್ಲ, ಹೋಗದಿದ್ದರೆ? ಮುಂದಕ್ಕೆ ಯೋಚಿಸಲು ಆಗಲಿಲ್ಲ. “ಮೇಡಂ, ಕ್ಯಾಮೆರಾ ಕೆಟ್ಟೋಗಿದೆ” ಎಂದುಬಿಟ್ಟೆ. ಮಕ್ಕಳು ಹೋ ಎಂದು ನಕ್ಕರು. ಹೆಡ್‌ಮಿಸ್ ಹಣೆ ಚಚ್ಚಿಕೊಂಡರು. ಬೆಲ್ ಹೊಡೆಯಿತು. ಮಕ್ಕಳು ಬೆಂಚಿನಿಂದ ಇಳಿಯುತ್ತಿರುವಾಗಲೇ ಗೇಟಿನ ಮುಂದೆ ಆಟೋ ನಿಂತಿತು.

ಅಮ್ಮನ ಕೈ ಹಿಡಿದು ಹುಡುಗಿ ನಿಧಾನವಾಗಿ ನಡೆದು ಬಂದಳು. ತಲೆಗೆ ಉಲ್ಲನ್ ಟೋಪಿ, ಮೈಗೆ ದೊಡ್ಡದಾದ ಯೂನಿಫಾರ್ಮ್, ಮೊಣಕೈ ಒಳಗೆ ಹತ್ತಿಯ ಪಟ್ಟಿ. ಮಕ್ಕಳು ಹೇಳದೆಯೇ ಬೆಂಚು ಹತ್ತಿ ನಿಂತರು. ನನ್ನ ಜೀವ ವಾಪಸ್ ಬಂತು. “ಬಾ ಪುಟ್ಟಾ, ನಿನ್ನ ಜಾಗ ಹಾಗೇ ಇದೆ” ಎಂದೆ.

ಅವಳು ತುದಿಯಲ್ಲಿ ನಿಂತಳು. ನನ್ನ ಕಡೆ ನೋಡಲಿಲ್ಲ, ಕೆಳಗೆ ನೋಡಿದಳು. ಪಕ್ಕದವಳ ಕಾಲಿನ ಹತ್ತಿರ ನೋಡಿದಳು. ಮುಖ ಬಾಡಿಹೋಯಿತು.

“ಅಂಕಲ್, ಇಲ್ಲಿ ನಂದು ಬೀಳ್ತಾನೇ ಇಲ್ಲ.”

ಥೂ ನನ್ನ ಬುದ್ಧಿಗಿಷ್ಟು! ಅವಳನ್ನು ನಿಲ್ಲಿಸಬೇಕು, ನಿಲ್ಲಿಸಬೇಕು ಎಂದು ಬೆಳಗಿನಿಂದ ಒದ್ದಾಡಿದವನಿಗೆ, ಅವಳು ಯಾತಕ್ಕೆ ನಿಲ್ಲಲು ಬರುತ್ತಿದ್ದಾಳೆ ಎನ್ನುವುದೇ ಮರೆತುಹೋಗಿತ್ತು. ಬಿಸಿಲು ಸೋಕದ ಹಾಗೆ ಬೆಂಚನ್ನು ಗೋಡೆಯ ತನಕ ಎಳೆಸಿದವನು ನಾನೇ. ಅವರು ಹೊತ್ತಿಗೆ ಸರಿಯಾಗಿ ಬಂದಿದ್ದರಂತೂ ಅಂಗಳವೆಲ್ಲ ಕಟ್ಟಡದ ಮರೆಯಲ್ಲಿದ್ದು ಬಿಸಿಲೇ ಇರುತ್ತಿರಲಿಲ್ಲ.

“ಎಲ್ಲಾ ಇಳೀರಿ, ಇಳೀರಿ! ಬೆಂಚು ಬಿಸಿಲಿಗೆ ಹಾಕಬೇಕು” ಎಂದು ಕೂಗಿದೆ.

“ಬಿಸಿಲಲ್ಲಿ ಫೋಟೋ ಕೆಡುತ್ತೆ ಅಂತ ನೀವೇ ತಾನೇ...” ಎಂದ ಹೆಡ್‌ಮಿಸ್ ಹುಡುಗಿಯನ್ನು ನೋಡಿದರು. ಅವಳು ಇನ್ನೂ ನೆಲವನ್ನೇ ನೋಡುತ್ತಿದ್ದಳು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಬೆಂಚಿನ ತುದಿಗೆ ತಾವೇ ಕೈ ಹಾಕಿದರು.

ಮಕ್ಕಳ ಬೆನ್ನಿಗೆ ಬಿಸಿಲು, ಮುಖವೆಲ್ಲ ಕಪ್ಪು. ಫ್ಲ್ಯಾಶ್ ಹಾಕಿ ಹೇಗೋ ಸುಧಾರಿಸಿದೆ. ನೆರಳುಗಳೆಲ್ಲ ಮುಂದಕ್ಕೆ, ನನ್ನ ಕಡೆಗೆ ಬಿದ್ದಿದ್ದವು. ಹುಡುಗಿ ಒಂದು ಕೈ ಎತ್ತಿದಳು. ನೆಲದ ಮೇಲೆ ಟೋಪಿ ಹಾಕಿದ ನೆರಳೂ ಕೈ ಎತ್ತಿತು. ಹಿಂದಿನ ಸಾಲಿನ ಒಬ್ಬ ಹುಡುಗ ಬಗ್ಗಿ ನೋಡಿ, “ಇದೆ ಕಣೇ, ನಂದಕ್ಕಿಂತ ದೊಡ್ಡದಾಗಿದೆ” ಎಂದ. ಟೋಪಿ ಕಣ್ಣಿನ ತನಕ ಇಳಿದಿದ್ದರೂ ಅವಳು ನಕ್ಕದ್ದು ಕಂಡಿತು. ಆಗ ಒತ್ತಿದೆ.

ಮಾರನೆಯ ವಾರ ಅವಳು ಆಸ್ಪತ್ರೆ ಸೇರಿದಳು ಎಂದು ಟೀಚರಿಂದ ತಿಳಿಯಿತು. ಅಷ್ಟೇ. ಅವಳ ಅಮ್ಮನ ನಂಬರ್ ನನ್ನ ಫೋನಿನಲ್ಲೇ ಇತ್ತು. ಎಷ್ಟೋ ಸಲ ತೆಗೆದು ನೋಡಿದ್ದೇನೆ, ಒತ್ತಲು ಧೈರ್ಯ ಬರಲಿಲ್ಲ. ಆ ಕಡೆಯಿಂದ ಯಾವ ಮಾತು ಕೇಳಬೇಕಾಗುತ್ತದೋ ಎಂಬ ಹೆದರಿಕೆ. ಕೇಳದಿದ್ದರೆ ಏನೂ ಆಗಿಲ್ಲ ಎಂದು ನಂಬಿಕೊಂಡಿರಬಹುದಲ್ಲ. ಸ್ಕೂಲಿನ ರಸ್ತೆಗೂ ಹೋಗದೆ ಸುತ್ತಿಕೊಂಡು ಓಡಾಡಿದೆ.

ಮೊನ್ನೆ ಹೆಡ್‌ಮಿಸ್ ಫೋನ್ ಮಾಡಿದರು, ಈ ವರ್ಷದ ಫೋಟೋಗೆ. ಯಾವ ಕ್ಲಾಸು ಯಾವಾಗ ಎಂದು ಅವರು ಹೇಳುತ್ತ ಹೋದರು, ನಾನು ಹ್ಞೂಂ ಹ್ಞೂಂ ಎನ್ನುತ್ತ ಹೋದೆ. ಕೇಳಬೇಕಾದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದುಕೊಂಡೆ.

“ಇನ್ನೊಂದು ವಿಷಯ ರೀ. ಐದನೇ ಬಿ ಎಲ್ಲರಿಗಿಂತ ಕೊನೇಲಿ ಇಟ್ಕೊಳ್ಳಿ. ಗೋಡೆ ಹತ್ರ ಬೇಡ, ಬಿಸಿಲಲ್ಲೇ ಬೆಂಚು ಹಾಕಬೇಕಂತೆ.”

“ಯಾರು ಹೇಳಿದ್ದು ಮೇಡಂ?” ಎಂದೆ.

“ಇನ್ಯಾರು, ನಿಮ್ಮ ಟೋಪಿ ಹುಡುಗಿ. ಕ್ಲಾಸಿಗೆ ಇನ್ನೂ ಬರೋ ಹಾಗಿಲ್ಲ ಅದು, ಫೋಟೋಗೆ ಮಾತ್ರ ಬರ್ತಾಳಂತೆ. ನಿಮಗೆ ಮರೆತೋಗುತ್ತೆ ಅಂತ ನನಗೆ ಫೋನ್ ಮಾಡಿ ಹೇಳಿದ್ಲು.”