ವೀಟ್ಸ್ಕೆ ಓದಿದ ಏಳನೆಯ ಹೇಳಿಕೆ

ವೀಟ್ಸ್ಕೆ ತೆರ್ಪ್‌ಸ್ತ್ರಾಳ ಪಕ್ಕದ ಮೇಜಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೂತಿದ್ದೇನೆ. ಡೆಲ್ಫ್ಟ್‌ನ ನಮ್ಮ ಪ್ರಯೋಗಾಲಯದಲ್ಲಿ ಅವಳು ಪ್ರೋಗ್ರಾಮರ್. ಪ್ರೊಫೆಸರುಗಳ ಲೆಕ್ಕದಲ್ಲಿ ಕಾಫಿ ಯಂತ್ರಕ್ಕಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೆ.

ಕೆಲವು ಯಂತ್ರಗಳ ಸೆನ್ಸರ್ ಗಡಿಯಾರ ನೋಡಿಕೊಂಡು ಸುದ್ದಿ ಕಳಿಸುವುದಿಲ್ಲ. ತಪ್ಪು ಮಿತಿ ಮೀರಿದಾಗ ಮಾತ್ರ ಬಾಯಿ ಬಿಡುತ್ತದೆ. ಅದು ಮತ್ತೆ ಯಾವಾಗ ಬಾಯಿ ಬಿಟ್ಟೀತು, ನಡುವೆ ಎಷ್ಟು ಹೊತ್ತು ಸುಮ್ಮನಿದ್ದೀತು ಎಂದು ಮೊದಲೇ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್ ಅವಳದು. ಆರು ವರ್ಷ ಒಬ್ಬಳೇ ಕೂತು ಬರೆದಳು.

ಯೆಲ್ಲೆ ಎಂಬ ಪಿಎಚ್‌ಡಿಯವನು ಅದರ ಮೇಲೆ ನಾಲ್ಕು ಅಧ್ಯಾಯ ಕಟ್ಟಿದ. ಅವಳ ಹೆಸರು ಹಾಕುತ್ತೇನೆಂದು ಮಾತು ಕೊಟ್ಟಿದ್ದ. ಅಚ್ಚಾಗಿ ಬಂದ ಪ್ರಬಂಧದಲ್ಲಿ ಅವನ ಬೆಕ್ಕಿಗೆ ಧನ್ಯವಾದ ಇತ್ತು, ಇವಳಿಗೆ ಇರಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

“ಬಿಟ್ಟೋಯ್ತು ವೀಟ್ಸ್ಕೆ, ಏನ್ಮಾಡ್ಲಿ? ಪರೀಕ್ಷೆ ದಿನ ನನ್ ಜೊತೆಗಾತಿಯಾಗಿ ನಿಂತ್ಕೊ,” ಎಂದ. ಪ್ರಬಂಧದ ಮೌಖಿಕ ಪರೀಕ್ಷೆಯಂದು ಅಭ್ಯರ್ಥಿಯ ಪಕ್ಕ ಇಬ್ಬರು ಕಪ್ಪು ಬಟ್ಟೆ ತೊಟ್ಟು ನಿಲ್ಲುವುದು ನಮ್ಮಲ್ಲಿ ಪದ್ಧತಿ.

“ಮೂಗಿಗೆ ತುಪ್ಪ ಸವರ್ತಿದಾನೆ, ಹೋಗ್ಬೇಡ ಕಣೆ,” ಎಂದೆ.

“ಹೋಗ್ತೀನಿ. ಕಪ್ಪು ಬಟ್ಟೆ ಇದೆಯಲ್ಲ, ಅಪ್ಪನ ಮಣ್ಣಿಗೆ ತಗೊಂಡಿದ್ದು,” ಎಂದಳು.

ಪ್ರಬಂಧದ ಜೊತೆ ಅಭ್ಯರ್ಥಿ ಹತ್ತು ಹೇಳಿಕೆಗಳ ಹಾಳೆಯೊಂದನ್ನು ಕೊಡಬೇಕು. ಅದರ ಮೇಲೂ ಪ್ರಶ್ನೆ ಬರುತ್ತದೆ. ಪರೀಕ್ಷೆಗಿರುವುದು ಒಂದೇ ಗಂಟೆ; ಎರಡು ನಿಮಿಷ ಉಳಿದಿರುವಾಗ ಲೀಜ್ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ ಏಳನೆಯದನ್ನು ಎತ್ತಿಕೊಂಡರು. ಹೇಳಿಕೆಯನ್ನು ಗಟ್ಟಿಯಾಗಿ ಓದುವುದು ಜೊತೆಗಾತಿಯ ಕೆಲಸ. ವೀಟ್ಸ್ಕೆ ಎದ್ದಳು.

“‘ಉಪಕರಣ ಕಟ್ಟಿದವರೂ ಸಂಶೋಧನೆಯ ಪಾಲುದಾರರು, ಅವರ ಹೆಸರು ಮರೆಮಾಚುವುದು ಕಳ್ಳತನ.’”

ಯೆಲ್ಲೆಯೇ ಬರೆದದ್ದು ಅದು, ನಾಚಿಕೆಗೆಟ್ಟವನು. ವೀಟ್ಸ್ಕೆ ಓದಿದ ಮೇಲೆ ಕೂರಲಿಲ್ಲ.

“ಇದ್ರಲ್ಲಿರೋ ಉಪಕರಣ ಕಟ್ಟಿದ್ದು ನಾನು. ನನ್ ಹೆಸರು ಯಾವ ಪುಟದಲ್ಲೂ ಇಲ್ಲ.”

ಪರೀಕ್ಷಕಿ ಯೆಲ್ಲೆಯ ಕಡೆ ತಿರುಗಿದರು. “ಹೌದೇನಪ್ಪಾ?”

ಅವನು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ತೆರೆದು, ಬೆಳ್ಳಿಕೋಲಿನ ಅಧಿಕಾರಿ ಒಳಗೆ ಬಂದು ನೆಲಕ್ಕೆ ಕುಟ್ಟಿ, ಹೊತ್ತು ಮುಗಿಯಿತೆಂದ. ಕೋಲು ಬಿದ್ದ ಮೇಲೆ ಅರ್ಧ ವಾಕ್ಯಕ್ಕೂ ಅವಕಾಶವಿಲ್ಲ. ಆ ದರಿದ್ರ ಕೋಲು ಅವನನ್ನು ಉಳಿಸಿತು. ಮುಕ್ಕಾಲು ಗಂಟೆಯ ಬಳಿಕ ಪದವಿಯನ್ನೂ ಕೊಟ್ಟರು.

ಆಮೇಲೆ ಬಿಯರು ಕುಡಿದು, ಬಿಟರ್‌ಬಾಲನ್ ಎಂಬ ಕರಿದ ಮಾಂಸದುಂಡೆ ತಿನ್ನುವ ಗದ್ದಲ. ಬಂದವರು ಒಯ್ಯಲೆಂದು ಪ್ರಬಂಧದ ಪ್ರತಿಗಳನ್ನು ಮೇಜಿನ ಮೇಲೆ ಪೇರಿಸಿದ್ದರು. ವೀಟ್ಸ್ಕೆ ಕುರ್ಚಿ ಎಳೆದುಕೊಂಡು ಕೂತಳು. ಪೆನ್ನು ತೆಗೆದು, ಮೊದಲ ಪುಟದಲ್ಲಿ ಅವನ ಹೆಸರಿನ ಕೆಳಗೆ ತನ್ನದನ್ನು ಬರೆದಳು. ಇನ್ನೊಂದು ಪ್ರತಿ ಎತ್ತಿಕೊಂಡಳು.

ಯೆಲ್ಲೆ ಓಡಿಬಂದ. “ಎಲ್ರೂ ನೋಡ್ತಿದಾರೆ, ವೀಟ್ಸ್ಕೆ.”

“ನೋಡ್ಲಿ ಅಂತಾನೇ. ಇನ್ನೂ ನಲವತ್ತಿದೆ, ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ಬರ್ತಿದೀಯ.”

ನಾನು ಒಂದೊಂದೇ ಪ್ರತಿಯ ಮೊದಲ ಪುಟ ತೆರೆದು ತೆರೆದು ಅವಳ ಮುಂದಿಟ್ಟೆ.