ಟೆಂಪೊ ಏರಿದ ಸಭೆ

ಸಂಕ್ರಾಂತಿ ಕಳೆದ ಮೇಲಿನ ಒಂದು ಶನಿವಾರ, ಮಂಜು ಇನ್ನೂ ಬಿಡದ ಹೊತ್ತಿನಲ್ಲಿ ನಾವು ಚಾಮರಾಜನಗರ ಬಿಟ್ಟೆವು. ನಾವು ಅಂದರೆ ನಮ್ಮ ಸಭೆ. ಆರಾಧನೆಗೆ ಒಟ್ಟಿಗೆ ಸೇರುವವರನ್ನು ಕ್ರೈಸ್ತರಾದ ನಾವು ಹಾಗೆ ಕರೆಯುತ್ತೇವೆ. ಬಾಡಿಗೆ ಹಾಲ್‌ನ ಮುಂದೆ ಹರದನಹಳ್ಳಿಯ ಮಾದೇವನ ಗೂಡ್ಸ್ ಟೆಂಪೊ ನಿಂತಿತ್ತು. ಬೆಂಚುಗಳು, ಪ್ರಸಂಗದ ಪೀಠ, ಹಾರ್ಮೋನಿಯಂ, ಗಂಟೆ, ಗೋಡೆಯಿಂದ ಇಳಿಸಿ ಕಂಬಳಿ ಸುತ್ತಿದ ಮರದ ಶಿಲುಬೆ, ಎಲ್ಲವನ್ನೂ ಏರಿಸಿ ಹಗ್ಗ ಬಿಗಿದರು. ಇಷ್ಟು ವರ್ಷ ದೊಡ್ಡದಾಗಿ ಕಂಡಿದ್ದ ದೇವಾಲಯ ಒಂದು ಗಾಡಿಗೂ ತುಂಬಲಿಲ್ಲವಲ್ಲ ಅನಿಸಿತು.

ಹೊರಟದ್ದು ಯಾಕೆ ಎಂದು ಕೇಳಿದರೆ ನಾನು ಎರಡು ಬಗೆಯಲ್ಲಿ ಹೇಳಬಲ್ಲೆ. ಹಾಲ್ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತೇವೆ ಎಂದು ಮಾಲೀಕರು ಹೇಳಿದ್ದರು, ಅದು ಒಂದು. ಇನ್ನೊಂದು, ಪಾಸ್ಟರ್ ದೇವದಾನ ಅವರ ಮನಸ್ಸು. ಗುಂಡ್ಲುಪೇಟೆಯ ಆಚೆ, ಭೀಮನಬೀಡಿನಿಂದ ಸ್ವಲ್ಪ ಮುಂದೆ, ಶುಂಠಿ ಹೊಲಗಳಲ್ಲಿ ತಮಿಳುನಾಡಿನಿಂದ ಬಂದ ಕೂಲಿ ಕುಟುಂಬಗಳಿವೆ, ಕ್ರೈಸ್ತರು, ಭಾನುವಾರ ಹೋಗಲು ಅವರಿಗೊಂದು ಜಾಗವಿಲ್ಲ ಎಂದು ಅವರು ನೋಡಿಕೊಂಡು ಬಂದಿದ್ದರು. "ನಾವು ಇಲ್ಲಿ ದಿನೇ ದಿನೇ ಕಮ್ಮಿ ಆಗ್ತಿದ್ದೀವಿ. ಅಲ್ಲಿ ಜನ ಇದ್ದಾರೆ, ಕಾಯ್ತಿದ್ದಾರೆ. ಸಭೇನೇ ಅಲ್ಲಿಗೆ ಹೋಗ್ಲಿ," ಅಂದರು.

ಆರಾಧನೆ ಮುಗಿದ ಮೇಲೆ ಇದನ್ನು ಹೇಳಿದಾಗ ಸಭೆಯ ಹಿರಿಯರಾದ ಅಬ್ರಹಾಮಣ್ಣ ಎದ್ದು ನಿಂತು, "ಸಭೆ ಅನ್ನೋದೇನು ಬಸ್ಸಾ, ಸ್ಟಾಪಿಂದ ಸ್ಟಾಪಿಗೆ ಓಡ್ಸಕ್ಕೆ? ನಾನಂತೂ ಬರಕಿಲ್ಲ" ಎಂದು ಹೊರಗೆ ನಡೆದುಬಿಟ್ಟರು. ಅವರ ಹಿಂದೆ ಅರ್ಧ ಜನ ಹೋದರು. ಒಪ್ಪುವವರು ಕೈ ಎತ್ತಿ ಎಂದಾಗ ನಾನು ಎತ್ತಿದೆನೋ, ಕನ್ನಡಕ ಸರಿಮಾಡಿಕೊಂಡೆನೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಪಾಸ್ಟರ್ ಮಾತ್ರ, "ಟೀಚರಮ್ಮ ಬರ್ತಾರೆ" ಅಂದರು. ಪ್ರೈಮರಿ ಶಾಲೆಯಿಂದ ನಿವೃತ್ತಳಾದ, ಒಂಟಿ ಹೆಂಗಸು ನಾನು. ಒಂದು ತಿಂಗಳು ಇದ್ದು ನೋಡೋಣ ಎಂದುಕೊಂಡು ಮನೆಗೆ ಬೀಗ ಹಾಕಿದೆ.

ಬಸ್ಸಿನಲ್ಲಾಗಿದ್ದರೆ ಹೆಂಗಸರಿಗೆ ಟಿಕೆಟ್ಟೇ ಇಲ್ಲ, ಆಧಾರ್ ತೋರಿಸಿ ಆರಾಮಾಗಿ ಕೂತು ಹೋಗಬಹುದಿತ್ತು. ಆದರೆ ಸಾಮಾನಿನ ಜೊತೆ ಯಾರಾದರೂ ಇರಬೇಕಲ್ಲ. ಮಾದೇವನ ಪಕ್ಕದಲ್ಲಿ ನಾನು ಮತ್ತು ಜಯಶೀಲಮ್ಮ ಒತ್ತಿಕೊಂಡು ಕೂತೆವು. ಜಯಶೀಲಮ್ಮ ನನಗಿಂತ ಹಿರಿಯರು, ಹಾಲ್ ಗುಡಿಸಿ ದೀಪ ಹಚ್ಚುತ್ತಿದ್ದವರು. ಬೆಂಚು ಎಲ್ಲಿಗೋ ನಾನೂ ಅಲ್ಲಿಗೆ ಎಂದು ಹೊರಟಿದ್ದರು. ಪಾಸ್ಟರ್ ಬೈಕಿನಲ್ಲಿ ಮುಂದೆ ಹೋಗುತ್ತಿದ್ದರು. ಉಳಿದ ಮೂರು ಮನೆಯವರು ಮಾರನೆಯ ದಿನ ಬಸ್ಸಿಗೆ ಬರುವುದೆಂದು ಮಾತಾಗಿತ್ತು.

ನಗರದಿಂದ ಗುಂಡ್ಲುಪೇಟೆಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ತೆರಕಣಾಂಬಿಯಲ್ಲಿ ನಿಲ್ಲಿಸಿ ಬಿಸಿ ಇಡ್ಲಿ ತಿಂದೆವು. ಚಟ್ನಿ ಖಾರವಾಗಿತ್ತು, ಚಳಿಗೆ ಒಳ್ಳೆಯದೇ ಆಯಿತು. ಗುಂಡ್ಲುಪೇಟೆ ಮುಟ್ಟುವಾಗ ಬಿಸಿಲು ಬಂತು. ಕೇರಳದ ಕಾರುಗಳು, ಊಟಿಗೆ ಹೋಗುವ ವ್ಯಾನುಗಳು, ಮಲಯಾಳದಲ್ಲೂ ಬರೆದ ಹೋಟೆಲ್ ಬೋರ್ಡುಗಳು. ಆ ಗಲಾಟೆಯಲ್ಲಿ ಪಾಸ್ಟರ ಬೈಕು ಕಣ್ಮರೆಯಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ.

"ಜಾಗ ಯಾವ್ದು ಅಂತ ಗೊತ್ತಾ ಟೀಚರಮ್ಮ?" ಮಾದೇವ ಕೇಳಿದ.

"ಭೀಮನಬೀಡು ದಾಟಿ, ಶುಂಠಿ ಹೊಲದ ಪಕ್ಕ ಒಂದು ಶೆಡ್ಡು ಅಂದಿದ್ರು."

"ಎಲ್ಲಾ ಕಡೆ ಶುಂಠಿನೇ ಅದೆ ಕಣಮ್ಮ ಇಲ್ಲಿ!"

ಕೇಳಿಕೊಂಡು ಕೇಳಿಕೊಂಡು ಹೋಗಿ ಒಂದು ಶೆಡ್ ಮುಂದೆ ನಿಲ್ಲಿಸಿದೆವು. ಒಳಗಿಂದ ಗಂಡಸರು ಬಂದು ಏನೂ ಕೇಳದೆ ಹಗ್ಗ ಬಿಚ್ಚತೊಡಗಿದರು. ನಮ್ಮನ್ನೇ ಕಾಯುತ್ತಿದ್ದರು ಎಂದು ನನಗೆ ಸಂತೋಷವಾಯಿತು. ಎರಡು ಬೆಂಚು ಕೆಳಗಿಳಿದ ಮೇಲೆ ಒಬ್ಬ ಹೆಂಗಸು ಬಂದು, "ನಾವ್ ಯೋಳಿದ್ದು ಕುರ್ಚಿ, ಬೆಂಚ್ ಯಾಕ್ ತಂದ್ರಿ? ಪಾತ್ರೆ ಎಲ್ಲಿ?" ಅಂದಳು. ಅವರ ಮನೆಯಲ್ಲಿ ಮದುವೆ, ನಮ್ಮದನ್ನು ಬಾಡಿಗೆ ಸಾಮಾನಿನ ಗಾಡಿ ಅಂದುಕೊಂಡಿದ್ದರು. ಕಂಬಳಿ ಜರುಗಿ ಶಿಲುಬೆ ಕಂಡಾಗ ಹಗ್ಗ ಬಿಚ್ಚುತ್ತಿದ್ದವರು ಕೈ ತೆಗೆದರು. ಆಮೇಲೆ ಅವರೇ ನಗುತ್ತ ಬೆಂಚು ಮತ್ತೆ ಏರಿಸಿಕೊಟ್ಟು, "ಮಲ್ಲಪ್ನೋರ ಶೆಡ್ ಇರ್ಬೇಕು ನೋಡಿ" ಎಂದು ದಾರಿ ತೋರಿಸಿದರು.

ಮಲ್ಲಪ್ಪನವರ ಜಮೀನು ಇನ್ನೂ ಎರಡು ಮೈಲಿ ಆಚೆ, ಕೇರಳ ಗಡಿಯ ಮದ್ದೂರಿನ ಕಾಡು ನೀಲಿಯಾಗಿ ಕಾಣುವ ಕಡೆ. ಅಲ್ಲಿ ಪಾಸ್ಟರ್ ಬೈಕಿಗೆ ಒರಗಿ ನಿಂತಿದ್ದರು. ಹೊಲ ಬರಿದಾಗಿ, ಅಗೆದ ಮಣ್ಣು ಗುಡ್ಡೆ ಗುಡ್ಡೆಯಾಗಿ ಬಿದ್ದಿತ್ತು. ಸಾಲು ಗುಡಿಸಲುಗಳಿದ್ದ ಜಾಗದಲ್ಲಿ ನೆಟ್ಟ ಬಿದಿರ ಗಳುಗಳು, ಒಲೆಯ ಕಲ್ಲುಗಳು ಉಳಿದಿದ್ದವು.

"ಶುಂಠಿ ಕಿತ್ತಾಯ್ತಲ್ಲ ಸ್ವಾಮಿ," ಮಲ್ಲಪ್ಪನವರು ಹೇಳುತ್ತಿದ್ದರು. ಹಣೆಗೆ ವಿಭೂತಿ ಇಟ್ಟ, ಮೆತ್ತಗೆ ಮಾತಾಡುವ ವಯಸ್ಸಾದ ರೈತರು. "ಮೊನ್ನೆ ಮೇಸ್ತ್ರಿ ಬಂದು ಕೂಲಿಯೋರ್ನೆಲ್ಲ ಲಾರಿಗೆ ತುಂಬ್ಕೊಂಡು ಓದ. ಕೊಡಗಿಗೆ, ಕಾಫಿ ಕುಯ್ಯಕ್ಕೆ. ನೀವು ಶೆಡ್ ಕೇಳಿದ್ರಿ, ಕೊಟ್ಟೆ. ಅವ್ರ್ಗೋಸ್ಕರ ಅಂತ ನಂಗೇನ್ ಗೊತ್ತು? ಮಕ್ಳಿಗೆ ಟ್ಯೂಷನ್ ಮಾಡ್ತೀರಿ ಅಂತಿದ್ದೆ."

ಜಯಶೀಲಮ್ಮ ನನ್ನ ಕಿವಿಯಲ್ಲಿ, "ಅಂಗಾರೆ ನಾವ್ ಯಾರ್ಗೆ ಬಂದೊ?" ಅಂದರು. ನನಗೂ ಅದೇ ಪ್ರಶ್ನೆ. ಪಾಸ್ಟರ್ ಮಾತ್ರ, "ಬೆಂಚು ಇಳಿಸಿ" ಎಂದರು. ಮಾದೇವ ಇಳಿಸಿ ಹೊರಟುಹೋದ. ತಗಡಿನ ಶೆಡ್ಡಿನಲ್ಲಿ ಬೆಂಚುಗಳನ್ನು ಸಾಲಾಗಿ ಮಡಗಿದೆವು. ಕಾಲ ಕೆಳಗೆ ಒಣ ಶುಂಠಿಯ ಸಿಪ್ಪೆ, ಮೂಗಿಗೆ ಅದರ ಘಾಟು.

ಒಂದು ಕುಟುಂಬ ಉಳಿದಿದೆ ಎಂದು ತಿಳಿದದ್ದು ಸಂಜೆ. ಪಂಪ್‌ಸೆಟ್ ಮನೆಯ ಪಕ್ಕದ ಜೋಪಡಿಯಿಂದ ಸೆಲ್ವಿ ಎಂಬ ಹೆಂಗಸು ಬಂದಳು. ಮಾವನಿಗೆ ಹುಷಾರಿಲ್ಲದ್ದರಿಂದ ಅವಳೂ ಅವಳ ಗಂಡ ಅಂತೋಣಿಯೂ ಲಾರಿ ಹತ್ತಿರಲಿಲ್ಲ. ಶಿಲುಬೆ ನೋಡಿ ಎದೆಯ ಮೇಲೆ ಅದರ ಗುರುತು ಹಾಕಿಕೊಂಡು, "ಅಯ್ಯಾ, ಮಾಮಾಗೆ ಜೆಬಂ ಪಣ್ಣುಂಗ, ಪ್ರಾರ್ಥನೆ ಮಾಡಿ" ಎಂದು ಪಾಸ್ಟರನ್ನು ಕರೆದಳು. ಕೊರಳಲ್ಲಿ ಜಪಮಣಿ ಇತ್ತು. ಕ್ರೈಸ್ತರಲ್ಲೇ ಅವರದು ಬೇರೆ ಪಂಗಡ; ನಮ್ಮಲ್ಲಿ ಜಪಮಣಿ ಇಲ್ಲ, ಗುರುತು ಹಾಕಿಕೊಳ್ಳುವುದೂ ಇಲ್ಲ. ಜಯಶೀಲಮ್ಮ, "ಇವ್ರು ನಮ್ಮೋರಲ್ಲ ಕಣಮ್ಮ, ಅವ್ರದ್ದೇ ಬೇರೆ" ಎಂದು ಪಿಸುಗುಟ್ಟಿದರು. ಪಾಸ್ಟರ್ ಕೇಳಿಸಿಕೊಂಡರು. "ಈಗ ಅದನ್ನ ಕೇಳೋ ಹೊತ್ತಾ?" ಎಂದು ಚಪ್ಪಲಿ ಬಿಟ್ಟು ಜೋಪಡಿಯೊಳಗೆ ಬಗ್ಗಿದರು.

ಮುದುಕ ಸವರಿಮುತ್ತು ಚಾಪೆಯ ಮೇಲೆ ಮಲಗಿದ್ದರು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರಂತೆ. ನಾವು ಒಂದು ಕೀರ್ತನೆ ಹಾಡಿದೆವು. ಎರಡನೆಯ ಚರಣಕ್ಕೆ ಅವರು ಕಣ್ಣು ಬಿಟ್ಟು ಅದೇ ರಾಗದಲ್ಲಿ ತಮಿಳಿನ ಮಾತು ಸೇರಿಸಿದರು. ನಮ್ಮ ಕನ್ನಡ ಒಂದು ಕಡೆ, ಅವರ ತಮಿಳು ಒಂದು ಕಡೆ. ಎಲ್ಲೂ ಕೂಡಲಿಲ್ಲ, ಆದರೂ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು. ಅವರು ನನ್ನ ಕೈ ಹಿಡಿದು ಏನೋ ಹೇಳಿದರು, ನನಗೆ ತಿಳಿಯಲಿಲ್ಲ. "ನಾಳೆ ಬೆಂಚಲ್ಲಿ ಕೂತ್ಕೋತಾರಂತೆ," ಎಂದಳು ಸೆಲ್ವಿ.

ಭಾನುವಾರ ಬೆಳಕು ಹರಿಯುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಆರಾಧನೆ ನಡೆಸಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ಬಸ್ಸಿಗೆ ಬರಬೇಕಿದ್ದ ಮೂರು ಮನೆಯವರಿಗೆ ಸುದ್ದಿ ಹೇಳಿ ಅಲ್ಲೇ ಇರಿ ಎಂದೆವು. ಗುಂಡ್ಲುಪೇಟೆಯಿಂದ ಡಾಕ್ಟರು ಬಂದು ನೋಡಿ ಹೋದರು. ಮಲ್ಲಪ್ಪನವರು ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದರು. "ನನ್ ಜಮೀನ್ಲೇ ಆ ಮೂಲೇಲಿ ಮಣ್ಣು ಮಾಡ್ಬುಡಿ. ನಾನ್ ಏನೂ ಅನ್ನಕಿಲ್ಲ," ಅಂದರು. ಅದು ದೊಡ್ಡ ಮಾತು. ಪಾಸ್ಟರ್ ಕೈ ಮುಗಿದರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆ.

ಸೆಲ್ವಿ ತಲೆ ಅಲ್ಲಾಡಿಸಿದಳು. "ಇಂಗೆ ವೇಂಡಾಂ. ಇಲ್ಲಿ ಬೇಡ ಟೀಚರ್."

"ಯಾಕಮ್ಮ? ಇವರು ಒಳ್ಳೆ ಮನಸ್ಸಿಂದ ಕೊಡ್ತಿದ್ದಾರೆ."

"ಒಳ್ಳೇವ್ರೇ. ಆದ್ರೆ ಮುಂದಿನ ವರ್ಷ ಇನ್ನೊಬ್ರು ಗುತ್ತಿಗೆ ತಗೋತಾರೆ. ಟ್ರ್ಯಾಕ್ಟರ್ ಬರುತ್ತೆ. ನಾವು ಎಲ್ಲಿರ್ತೀವೋ. ಮಾಮಾ ಜೀವ ಇರೋವರೆಗೂ ಬೇರೆಯವ್ರ ಹೊಲ ಅಗ್ದು ಅಗ್ದು ಊರೂರು ತಿರುಗಿದ್ರು. ಇನ್ನೂ ಹೊಲದಲ್ಲೇ ಮಲಗಿಸೋದಾ?" ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ನಿಮ್ಮೂರಲ್ಲಿ ನಿಮ್ಮೋರ ಸಮಾಧಿ ಜಾಗ ಇದೆಯಲ್ಲಾ?"

ನಾನು ಪಾಸ್ಟರ ಮುಖ ನೋಡಿದೆ. ನಿನ್ನೆ ತಾನೇ ಬಿಟ್ಟು ಬಂದ ಊರು. ಸಮಾಧಿ ಜಾಗದ ಗೇಟಿನ ಬೀಗದ ಕೈ ಅಬ್ರಹಾಮಣ್ಣನ ಹತ್ತಿರ. ಅವರು ಪಾಸ್ಟರ ಜೊತೆ ಮಾತು ಬಿಟ್ಟು ವಾರಗಳಾಗಿದ್ದವು. ಪಾಸ್ಟರ್ ಶೆಡ್ಡಿನ ಒಳಗೆ ಹೋಗಿ ಖಾಲಿ ಬೆಂಚುಗಳ ನಡುವೆ ಬಹಳ ಹೊತ್ತು ಕೂತಿದ್ದರು. ಹೊರಗೆ ಬಂದು, "ಟೀಚರಮ್ಮ, ನೀವು ಅವರಿಗೆ ಫೋನ್ ಮಾಡಿ. ನಾನು ಮಾಡಿದ್ರೆ ಎತ್ತಲ್ಲ" ಎಂದರು.

ಅಬ್ರಹಾಮಣ್ಣ ಎತ್ತಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಯಾವ ಸಭೆಯೋರು?" ಎಂದು ಒಂದೇ ಮಾತು ಕೇಳಿದರು. ಬಾಯಿಗೆ ಬಂದದ್ದನ್ನು ಅಂದೆ: "ನಮ್ಮ ಸಭೆಯೋರು ಅಣ್ಣಾ. ನಿನ್ನೆಯಿಂದ." ಲೈನ್ ಕಟ್ಟಾಯಿತು. ಒಪ್ಪಿದರೋ ಇಲ್ಲವೋ ತಿಳಿಯದೆ ಹೊರಡುವ ಏರ್ಪಾಟು ಮಾಡಿದೆವು.

ಫೋನ್ ಮಾಡಿ ಕರೆಸಿದ ಮಾದೇವ ಟೆಂಪೊ ತಂದು ನಿಲ್ಲಿಸಿ, ವಿಷಯ ಕೇಳಿ ಹಿಂದೆ ಸರಿದ. "ನಾಳೆ ತರಕಾರಿ ಏರ್ಬೇಕು ಕಣಮ್ಮ ಇದ್ರಲ್ಲಿ." ಅಂತೋಣಿ ಅಪ್ಪನ ಪಕ್ಕ ಕೂತಿದ್ದ. ಮಾದೇವ ಅವನನ್ನು ನೋಡಿದ, ನೆಲ ನೋಡಿದ. "ತೊಳ್ದ್ರಾಯ್ತು ಬುಡಿ. ನಮ್ಮಪ್ಪನೂ ಓದ್ವರ್ಸ ತೀರ್ಕೊಂಡ," ಎಂದು ತಾನೇ ಹಿಂದಿನ ಡೋರ್ ಬಿಚ್ಚಿದ. ಹಿಂದೆ ಕೂರಲು ಒಂದು ಬೆಂಚು ಏರಿಸಿದೆವು. ಅದರ ಮೇಲೆ ಸೆಲ್ವಿ, ಅಂತೋಣಿ, ಪಾಸ್ಟರ್. ಮಲ್ಲಪ್ಪನವರು ತಮ್ಮ ಹಿತ್ತಲಿನ ಚೆಂಡುಹೂವು ಕಿತ್ತು ತಂದು ಇಟ್ಟು, ರಸ್ತೆಯವರೆಗೂ ನಡೆದು ಬಂದರು.

ಬಂದ ದಾರಿಯಲ್ಲೇ ತಿರುಗಿ ಹೋದೆವು. ಮದುವೆ ಮನೆಯವರು ಚಪ್ಪರ ಹಾಕುತ್ತಿದ್ದರು. ನಮ್ಮ ಗಾಡಿ ಗುರುತಿಸಿ ಕೈ ಎತ್ತಿದವರು ಹೂವು ಕಂಡು ಕೈ ಇಳಿಸಿದರು. ಗುಂಡ್ಲುಪೇಟೆಯಲ್ಲಿ ಪ್ರವಾಸಿಗಳ ವಾಹನ ಸಾಲುಗಟ್ಟಿತ್ತು. ಒಂದು ವ್ಯಾನಿನವನು ಹಾರ್ನ್ ಮಾಡಿ ಮಾಡಿ, ಆಮೇಲೆ ನೋಡಿ, ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನನಗೆ ಮಾತ್ರ ಒಂದೇ ಯೋಚನೆ: ಗೇಟು ಮುಚ್ಚಿದ್ದರೆ ಏನು ಮಾಡುವುದು?

ಗೇಟು ತೆರೆದಿತ್ತು. ಅಬ್ರಹಾಮಣ್ಣ ಬನಿಯನ್ನಿನಲ್ಲಿ ನಿಂತಿದ್ದರು, ಮೊಣಕೈವರೆಗೆ ಮಣ್ಣು. ಗುಂಡಿ ಅರ್ಧ ಅಗೆದಾಗಿತ್ತು. ಸಭೆ ಬಿಟ್ಟು ಹೊರನಡೆದಿದ್ದವರೆಲ್ಲ ಅಲ್ಲಿದ್ದರು, ಬಸ್ಸಿಗೆ ಬರಬೇಕಿದ್ದವರೂ ಇದ್ದರು. ನಮ್ಮ ಹಾಲ್‌ನಲ್ಲಿ ಇತ್ತೀಚೆಗೆ ಅಷ್ಟು ಜನ ಒಟ್ಟಿಗೆ ಸೇರಿದ್ದನ್ನು ನಾನು ನೋಡಿರಲಿಲ್ಲ. ಪಾಸ್ಟರ್ ಏನೋ ಹೇಳಲು ಹೋದರು. ಅಬ್ರಹಾಮಣ್ಣ, "ಗುಂಡಿ ಇನ್ನೂ ಆಗ್ಬೇಕು, ಹಿಡೀರಿ" ಎಂದು ಗುದ್ದಲಿ ಕೊಟ್ಟರು. ಪಾಸ್ಟರ್ ಬಿಳಿ ಅಂಗಿಯ ತೋಳು ಮಡಿಸಿಕೊಂಡು ಇಳಿದರು.

ಸಮಾಧಿ ಮುಚ್ಚಿದ ಮೇಲೆ ಸೆಲ್ವಿ ಜಪಮಣಿ ಹಿಡಿದು ತನ್ನ ರೀತಿಯಲ್ಲಿ ಪ್ರಾರ್ಥನೆ ಮಾಡಿದಳು. ನಾವು ನಮ್ಮ ರೀತಿಯಲ್ಲಿ ನಿಂತಿದ್ದೆವು. ಜಯಶೀಲಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಿದ್ದರು. ಕೈ ತೊಳೆಯುವಾಗ ಅಬ್ರಹಾಮಣ್ಣ ಕೇಳಿದರು, "ಅಂಗಾರೆ ಸಭೆ ಈಗ ಎಲ್ಲಿ ಅದೆ ಅಯ್ನೋರೆ? ಅಲ್ಲೋ, ಇಲ್ಲೋ?"

"ನನಗೂ ಗೊತ್ತಾಗ್ತಿಲ್ಲ ಅಣ್ಣಾ," ಅಂದರು ಪಾಸ್ಟರ್. "ಶುಂಠಿ ನಾಟಿಗೆ ಮತ್ತೆ ಜನ ಬರ್ತಾರಂತೆ. ಯಾರು ಬರ್ತಾರೋ ಗೊತ್ತಿಲ್ಲ."

ಅಬ್ರಹಾಮಣ್ಣ "ಹೂಂ" ಅಂದರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಹೊತ್ತು ಇಳಿಯುತ್ತಿತ್ತು. ಸೆಲ್ವಿ, ಅಂತೋಣಿ, ಪಾಸ್ಟರ್ ಮತ್ತೆ ಹಿಂದಿನ ಬೆಂಚು ಹತ್ತಿದರು. ಜಯಶೀಲಮ್ಮ ಮುಂದೆ ಕೂತು ನನಗೆ ಜಾಗ ಬಿಟ್ಟರು. ನಾನೂ ಹತ್ತಿದೆ, ಮನೆಯವರೆಗೆ ಅನ್ನುವಂತೆ. ನಮ್ಮ ಬೀದಿಯ ತಿರುವಿನಲ್ಲಿ ಮಾದೇವ ಗಾಡಿ ನಿಧಾನ ಮಾಡಿದ. "ಇಲ್ಲೇ ಅಲ್ವಾ ನಿಮ್ಮನೆ ಟೀಚರಮ್ಮ? ಇಳೀತೀರಾ?"

ನಾನು ಕಿಟಕಿಯಿಂದ ನೋಡಿದೆ. ಬೀಗ ಹಾಕಿದ ಬಾಗಿಲು, ಎದುರು ಮನೆಯ ಅಂಗಳದಲ್ಲಿ ಒಣಗಲು ಹಾಕಿದ ಬಟ್ಟೆ. ಇಳಿಯಬೇಕು ಎಂದೇ ಇದ್ದೆ. ಬಾಗಿಲ ಹಿಡಿಗೆ ಕೈ ಮಾತ್ರ ಹೋಗಲಿಲ್ಲ. ಮಾದೇವ ಒಂದು ಗಳಿಗೆ ಕಾದು, "ಸರಿ ಬುಡಿ" ಎಂದು ಗೇರ್ ಹಾಕಿದ. ಬೀದಿ ಹಿಂದಕ್ಕೆ ಹೋಯಿತು. ತಿರುಗಿ ನೋಡುವಷ್ಟರಲ್ಲಿ ಬಟ್ಟೆಯೂ ಕಾಣಲಿಲ್ಲ.

ತೆರಕಣಾಂಬಿ ದಾಟಿದೆವು. ಆಮೇಲೆ ಜಯಶೀಲಮ್ಮ, "ಸೊಪ್ಪು ಒಂದ್ ಕಂತೆ ಅದೆ. ಮನೆಗೋದ್ಮೇಲೆ ಉಪ್ಸಾರು ಮಾಡ್ಬುಡ್ಲಾ? ಸೆಲ್ವಿ ಬೆಳಿಗ್ಗಿಂದ ಏನೂ ತಿಂದಿಲ್ಲ" ಅಂದರು.

ಯಾವ ಮನೆ ಎಂದು ನಾನು ಕೇಳಲಿಲ್ಲ. "ಮಾಡಿ," ಅಂದೆ.